‘ಮುಟ್ಟಿದ್ರ ಕೆಡ್ತದ’ ಅಂತ ಮೂರು ವರ್ಷ ಮುಟ್ಟದೇ ಬಿಟ್ಟ ಗಾಡಿ

ಪ್ರಶ್ನೆ: ನಮಸ್ಕಾರ ಸರ. ನಾನು ಯಾದಗಿರಿ ಜಿಲ್ಲೆದಾಗ ಒಂದು ಹಳ್ಳಿ ಸಾಲಿ ಮಾಸ್ತರ. 2021ರಾಗ ಒಂದು ಡೀಸೆಲ್ ಕಾರ್ ಸೆಕೆಂಡ್ ಹ್ಯಾಂಡ್ ತಗೊಂಡೆ, 2016ರ ಮಾಡೆಲ್. ಆವಾಗ 78 ಸಾವಿರ ಕಿಲೋಮೀಟರ್ ಓಡಿತ್ತು, ಈಗ 1 ಲಕ್ಷ 12 ಸಾವಿರ ಆಗ್ಯದ. ತಗೊಂಡ ಮ್ಯಾಲ ಒಂದೇ ಸಲ ಸರ್ವಿಸ್ ಮಾಡಿಸೀನಿ, ಅದಾಗಿ ಮೂರು ವರ್ಷ ಆತು. ಆಯಿಲ್ ಕಮ್ಮಿ ಅನಿಸಿದ್ರ ಮ್ಯಾಲಿಂದ ಹಾಕ್ತೀನಿ ಅಷ್ಟ. ನಮ್ ಮಾವನವರು ಹಿಂದ ಜೀಪ್ ಓಡಸ್ತಿದ್ರು, ಓಡೋ ಗಾಡಿ ಮುಟ್ಟಬ್ಯಾಡ, ಮುಟ್ಟಿದ್ರ ಕೆಡ್ತದ ಅಂತಾರ. ವಾರಕ್ಕೊಮ್ಮೆ ನಮ್ಮವ್ವನ ಕಲಬುರಗಿ ದವಾಖಾನಿಗಿ ಕರ್ಕೊಂಡು ಹೋಗಬೇಕು. ಹೋದ ವರ್ಷ ಮೇದಾಗ ವಾಡಿ ದಾಟಿದ ಮ್ಯಾಲ ಟೆಂಪರೇಚರ್ ಮುಳ್ಳು ಪೂರಾ ಮ್ಯಾಲ ಹೋಗಿ ಬಾನೆಟ್‌ನಿಂದ ಹೊಗಿ ಬಂತು. ಹೋಟೆಲ್‌ದಾಗಿನ ಎರಡು ಕೊಡ ನೀರು ಹಾಕಿ ಹೊಂಟೆ. ಅವತ್ತಿಂದ ವಾರಕ್ಕ ಒಂದು ಲೀಟರ್ ಮನಿ ಬೋರಿನ ನೀರು ಹಾಕ್ಲಾಕತ್ತೀನಿ, ರೇಡಿಯೇಟರ್ ನೀರು ಕೆಂಪಗ ಆಗ್ಯದ. ಒಬ್ಬ ಮಿಸ್ತ್ರಿ ಹಾಫ್ ಇಂಜಿನ್ ಕೆಲಸ, 45 ಸಾವಿರ ಅಂದ. ಇನ್ನೊಬ್ಬ ರೇಡಿಯೇಟರ್ ವಾಶ್ ಮಾಡಿ ಥರ್ಮೋಸ್ಟಾಟ್ ತೆಗೀತೀನಿ, ಎರಡು ಸಾವಿರದಾಗ ಮುಗೀತದ ಅಂದ. ಮೂರನೇಯವ ಈಗ ಆಯಿಲ್ ಬದಲಿ ಮಾಡಬ್ಯಾಡ್ರಿ, ಲೀಕ್ ಹಿಡೀತದ ಅಂದ. ಬರೋ ತಿಂಗಳು ಮನಿ ಮಂದಿ ಎಲ್ಲಾರೂ ಶ್ರೀಶೈಲಕ್ಕ ಹೋಗೋರು ಇದ್ದೀವಿ. ಇಂಜಿನ್ ಬಿಚ್ಚಸ್ಲಾ, ಗಾಡಿ ಮಾರಿಬಿಡ್ಲಾ? ಇನ್ಶೂರೆನ್ಸ್‌ದಾಗ ಏನರ ಬರ್ತದಾ?

ಉತ್ತರ:

ಗುರುಗಳೆ, ನೀವು ಬರ್ದಿದ್ದು ಎರಡು ಸಲ ಓದ್ದೆ. ಪ್ರಶ್ನೆ ನಾಕೈದು ಅವ, ಆದ್ರ ಒಳಗ ಇರೋ ಅಂಜಿಕಿ ಒಂದ ಅದ. ಮೂರು ಮಂದಿ ಮೂರು ಥರ ಹೇಳ್ಯಾರ, ಯಾರನ್ನ ನಂಬಿದ್ರ ರೊಕ್ಕ ಉಳೀತದ, ಯಾರನ್ನ ನಂಬಿದ್ರ ರೊಕ್ಕಾನೂ ಹೋಗಿ ಗಾಡೀನೂ ಹೋಗ್ತದ ಅಂತ. ಈ ಅಂಜಿಕಿಗಿ ನಾನು ನಗಂಗಿಲ್ಲ ರೀ. ಕಲಬುರಗಿದಾಗ 26 ವರ್ಷ ಆತು ಗ್ಯಾರೇಜ್ ನಡಸ್ಲಾಕತ್ತು, ಸರ್ವಿಸ್ ಮಾಡಸದೇ ಗಾಡಿ ಕೆಡಿಸ್ಕೊಂಡು ಬರೋ ಮಂದಿದಾಗ ಜುಗ್ಗರು ಕಮ್ಮಿ. ಭಾಳ ಮಂದಿ ಎಲ್ಲೋ ಒಂದು ಕಡಿ ಮೋಸ ಹೋಗಿ, ಆಮ್ಯಾಲ ಗ್ಯಾರೇಜ್ ಬಾಗಿಲಿಗಿ ಹೋಗೋದನ್ನೇ ಬಿಟ್ಟವ್ರು.

ಮೊದಲು ನಿಮ್ ಮಾವನವರ ಮಾತು ನೋಡೂನು, ಯಾಕಂದ್ರ ಅದು ಪೂರಾ ಸುಳ್ಳಲ್ಲ. ಅವರ ಕಾಲದ ಜೀಪ್ ಇಂಜಿನ್ ಅಂದ್ರ ಕೆಳಗಿನ ಮೈ ಅಂದ್ರ ಬ್ಲಾಕೂ ಬೀಡ ಕಬ್ಬಿಣ, ಅದರ ಮ್ಯಾಲ ಮುಚ್ಚಳದಂಗ ಕೂಡೋ ಹೆಡ್ಡೂ ಬೀಡ ಕಬ್ಬಿಣ, ಹವಾ ಒತ್ತಿ ತುಂಬೋ ಟರ್ಬೋ ಇಲ್ಲ, ಸೆನ್ಸರ್ ಇಲ್ಲ. ಹಳ್ಳದ ನೀರು ಹಾಕ್ರಿ, ಒಮ್ಮಿ ಕುದ್ದು ಹೊಗಿ ಬರ್ಲಿ, ತಣ್ಣಗ ಆದ ಮ್ಯಾಲ ಮತ್ತ ಹೊಂಡತಿತ್ತು. ನಿಮ್ಮ 2016ರ ಗಾಡಿದು ಹೆಡ್ ಅಲ್ಯೂಮಿನಿಯಂ. ಹಗುರ ಇರ್ತದ, ಶಾಖ ಲಗೂನ ಬಿಡ್ತದ, ಆದ್ರ ಒಂದು ಸಲ ಹದ್ದು ಮೀರಿ ಕಾಯ್ತು ಅಂದ್ರ ಸೊಟ್ಟ ಆಗ್ತದ, ಕಣ್ಣಿಗಿ ಕಾಣದಷ್ಟು ಸೊಟ್ಟ ಆದ್ರೂ ಸಾಕು, ಹೆಡ್ಡು ಬ್ಲಾಕಿನ ನಡುವ ಸೋರದಂಗ ಹಾಕಿದ ಗ್ಯಾಸ್ಕೆಟ್ ಹಿಡಿಯಂಗಿಲ್ಲ. ಜೀಪಿನ ಬುದ್ಧಿ ಈ ಗಾಡಿಗಿ ನಡಿಯಂಗಿಲ್ಲ.

ಇನ್ನು ‘ಮುಟ್ಟಿದ್ರ ಕೆಡ್ತದ’ ಅನ್ನೋದು ಹ್ಯಾಂಗ ಹುಟ್ಟತದ ಅಂದ್ರ, ನಾಕು ವರ್ಷ ಮುಟ್ಟದ ಗಾಡಿ ಒಂದಿನ ಗ್ಯಾರೇಜಿಗಿ ಬರ್ತದ, ಹೋಸ್ ಬದಲಿ ಮಾಡ್ಲಿಕ್ಕ ಕ್ಲಿಪ್ ಬಿಚ್ಚಿದ್ರ ಅದರ ಕೆಳಗಿನ ಪ್ಲಾಸ್ಟಿಕ್ ಮೂತಿ ಹಪ್ಪಳ ಮುರದಂಗ ಮುರೀತದ. ಇಂಜಿನ್ ಶಾಖಕ್ಕ ಬೆಂದು ಬೆಂದು ಮೊದಲ ಅದು ಸತ್ತಿತ್ತು. ಗಾಡಿ ಮಾಲಕಗ ಏನ್ ಕಾಣ್ತದ? ಚಲೋ ಇದ್ದಿದ್ದು ಇವನ ಕೈಯಾಗ ಮುರೀತು ಅಂತ ಕಾಣ್ತದ. ಅವ ಹೋಗಿ ಹತ್ತು ಮಂದಿಗಿ ಹೇಳ್ತಾನ. ನಮ್ ಕಡಿದೂ ತಪ್ಪು ಅದ, ಬಿಚ್ಚೋಕ್ಕಿಂತ ಮೊದಲ ಕರದು ತೋರ್ಸಿ ಇದು ಮುರಿಬೋದು ಅಂತ ಹೇಳೋ ಮಿಸ್ತ್ರಿಗಳು ಕಮ್ಮಿ.

ಈಗ ನಿಮ್ ಗಾಡಿ ಖರೆ ರೋಗಕ್ಕ ಬರ್ತೀನಿ. ನೀವು ಮೇ ತಿಂಗಳ ಬಿಸಿಲು ಅಂತ ತಿಳ್ಕೊಂಡೀರಿ, ಎಲ್ಲಾರೂ ಹಂಗ ತಿಳ್ಕೋತಾರ. 43 ಡಿಗ್ರಿ ಬಿಸಿಲು ನಮಗ ಜಾಸ್ತಿ, ಇಂಜಿನ್‌ಗ ಅಲ್ಲ. ಅದು ದಿನಾ ಕೆಲಸ ಮಾಡೋದ 90 ಡಿಗ್ರಿ ಆಸುಪಾಸಿನಾಗ, ಅದರ ಮುಂದ ನಮ್ ಬ್ಯಾಸಿಗಿ ತಣ್ಣನ ಗಾಳೀನ. ಚಲೋ ಇರೋ ಗಾಡಿ ನಮ್ ಬಿಸಿಲಿನಾಗ ಎಸಿ ಹಾಕ್ಕೊಂಡು ಹೈದರಾಬಾದ್ ತನಕ ಹೋಗಿ ಬರ್ತದ, ಮುಳ್ಳು ಅಲ್ಲಾಡಂಗಿಲ್ಲ. ನಮ್ ಭಾಗದಾಗ ರೇಡಿಯೇಟರ್ ಕೊಲ್ಲೋದು ನೀರು.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡಿ ಯಾಕ ಅಷ್ಟು ಸಿಮೆಂಟ್ ಫ್ಯಾಕ್ಟರಿ ಅವ ಹೇಳ್ರಿ, ನೆಲದಾಗ ಸುಣ್ಣದ ಕಲ್ಲು ಅದ ಅಂತ. ಮನಿಗಿ ಹಾಸೋ ಶಹಾಬಾದ್ ಫರ್ಸಿನೂ ಅದ ಜಾತಿದು. ಆ ಕಲ್ಲಿನ ಸಂದಿದಾಗಿಂದ ಬರೋ ಬೋರಿನ ನೀರಿನಾಗ ಸುಣ್ಣ ಕರಗಿರ್ತದ. ತಣ್ಣಗ ಇದ್ದಾಗ ಕಾಣಂಗಿಲ್ಲ, ಕಾಯ್ತು ಅಂದ್ರ ಬಿಟ್ಟು ಹೊರಗ ಬಂದು ಹತ್ತಕೋತದ. ಮನ್ಯಾಗ ನೀರು ಕಾಸೋ ಕಾಯಿಲ್ ಮ್ಯಾಲ ಬೆಳ್ಳನ ಹಕ್ಕಳಿ ಕಟ್ಟಿರ್ತದಲ್ಲ, ನೋಡೀರಿಲ್ಲ? ಅದ ಹಕ್ಕಳಿ ರೇಡಿಯೇಟರ್ ಒಳಗ ಕಟ್ತದ. ರೇಡಿಯೇಟರ್ ಒಳಗಿನ ಟ್ಯೂಬ್ ಚಪ್ಪಟಿ, ಒಂದೆರಡು ಮಿಲಿಮೀಟರ್ ಸಂದಿ ಇರ್ತದ ಅಷ್ಟ. ಅಲ್ಲಿ ಅರ್ಧ ಮಿಲಿಮೀಟರ್ ಸುಣ್ಣ ಕುಂತ್ರ ನೀರು ಹರಿಯೋ ದಾರಿನ ಹೋತು, ಶಾಖ ಹೊರಗ ಹೋಗೋ ದಾರಿನೂ ಹೋತು, ಯಾಕಂದ್ರ ಸುಣ್ಣ ಶಾಖ ಬಿಡಂಗಿಲ್ಲ. ನೀವು ವಾರಕ್ಕೊಂದು ಲೀಟರ್ ಹಾಕ್ಲಾಕತ್ತೀರಿ. ಒಂದು ಲೀಟರಿನ ನೀರು ಹೊರಗ ಹೋಗ್ತದ, ಸುಣ್ಣ ಒಳಗ ಉಳೀತದ. ಹನ್ನೊಂದು ತಿಂಗಳು, ಲೆಕ್ಕ ನೀವ ಹಾಕ್ರಿ, ನೀವು ಮಾಸ್ತರು.

ರೇಡಿಯೇಟರಿಗಿ ಹಾಕೋ ಕೂಲಂಟ್ ಅಂದ್ರ ಬರೀ ಬಣ್ಣದ ನೀರು, ಕಂಪನಿಯವ್ರು ರೊಕ್ಕ ಮಾಡ್ಲಿಕ್ಕ ಹೇಳ್ತಾರ ಅನ್ನೋದೊಂದು ಮಾತು ಅದ. ನಾನೂ ಮೊದಲು ಹಂಗ ಅಂದ್ಕೊಂಡಿದ್ದೆ. ಅದರಾಗ ಎಥಿಲೀನ್ ಗ್ಲೈಕಾಲ್ ಇರ್ತದ, ತುಕ್ಕು ಹಿಡಿದಂಗ ತಡಿಯೋ ಕೆಮಿಕಲ್ ಇರ್ತದ. ನಮ್ ಕಡಿ ಹಿಮ ಬೀಳಂಗಿಲ್ಲ ಖರೆ, ಆದ್ರ ಅದು ಕುದಿಯೋ ಮಟ್ಟನೂ ಏರಸ್ತದ, ಅದಕ್ಕಿಂತ ಮುಖ್ಯ ಅಂದ್ರ ಅಲ್ಯೂಮಿನಿಯಂ, ಕಬ್ಬಿಣ, ವಾಟರ್ ಪಂಪಿನ ಸೀಲ್ ಎಲ್ಲಾ ಕೆಡದಂಗ ಕಾಪಾಡ್ತದ. ನಿಮ್ ನೀರು ಕೆಂಪಗ ಆಗ್ಯದ ಅಂದ್ರಿ, ಅದು ಇಂಜಿನ್ ಬ್ಲಾಕ್ ಒಳಗಿನ ತುಕ್ಕು. ಕೂಲಂಟ್ ಇದ್ದಿದ್ರ ಬರ್ತಿರ್ಲಿಲ್ಲ. ಹಸರು, ಕೆಂಪು, ನೀಲಿ ಬಣ್ಣಕ್ಕ ಏನೂ ಅರ್ಥ ಇಲ್ಲ, ಬಣ್ಣ ನೋಡಿ ಕೂಡಸಬ್ಯಾಡ್ರಿ, ಗಾಡಿ ಜೊತಿ ಬರೋ ಪುಸ್ತಕದಾಗ ಯಾವ ಜಾತಿದು ಅಂತ ಬರ್ದಿರ್ತದ. ಕೂಡಸ್ಲಿಕ್ಕ ಬ್ಯಾಟರಿಗಿ ಹಾಕೋ ಡಿಸ್ಟಿಲ್ಡ್ ವಾಟರ್, ಅರ್ಧಕ್ಕರ್ಧ. ತಲಿನೋವು ಬ್ಯಾಡ ಅಂದ್ರ ರೆಡಿ ಮಿಕ್ಸ್ ಬರ್ತದ, ಹಂಗ ಹಾಕೋದು.

ವಾಡಿ ಹತ್ರ ಅವತ್ತು ಏನಾಗಿರಬೋದು? ನನ್ನ ಅಂದಾಜು ಹೇಳ್ತೀನಿ. ರೇಡಿಯೇಟರ್ ಕ್ಯಾಪ್ ಅಥವಾ ಕೂಲಂಟ್ ಡಬ್ಬಿ ಮುಚ್ಚಳ ಬರೀ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರ್ ವೇಟ್ ಇದ್ದಂಗ. ಹೆಚ್ಚು ಕಮ್ಮಿ ಒಂದು ಬಾರ್ ಪ್ರೆಶರ್ ಒಳಗ ಹಿಡಿದು ಇಡ್ತದ, ಆ ಪ್ರೆಶರ್‌ದಾಗ ಬರೀ ನೀರು ಸುದ್ದಾ 120 ಡಿಗ್ರಿ ತನಕ ಕುದಿಯಂಗಿಲ್ಲ. ಆ ಕ್ಯಾಪಿನ ರಬ್ಬರ್ ಬಿರುಕು ಬಿಟ್ರ 100ಕ್ಕ ಕುದೀತದ, ಉಗಿ ಆಗಿ ಹೊರಗ ಹೋಗ್ತದ, ಮಟ್ಟ ಇಳೀತದ, ಉಳಿದಿದ್ದು ಇನ್ನೂ ಜಾಸ್ತಿ ಕಾಯ್ತದ. ಮುನ್ನೂರು ನಾನೂರು ರೂಪಾಯಿ ಸಾಮಾನು ರೀ. ಅಥವಾ ಫ್ಯಾನ್ ತಿರುಗಿಲ್ಲ. ಅಥವಾ ವಾಟರ್ ಪಂಪ್ ಸೋರಲಾಕತ್ತದ. ಸುಣ್ಣ ಆಮ್ಯಾಲ ಕೂಡಿದ್ದು. ಅಂದ್ರ ಮೊದಲ ರೋಗ ಸಣ್ಣದ ಇದ್ದಿರಬೋದು, ಮನಿ ಔಷಧ ಮಾಡಿ ದೊಡ್ಡದಾಗ್ಯದ.

ನೀರು ಹಾಕಿದ್ದು ತಪ್ಪಾ ಅಂದ್ರ, ದಾರ್ಯಾಗ ಸಿಕ್ಕೊಂಡವ್ರು ಸಿಕ್ಕ ನೀರು ಹಾಕ್ಲೇಬೇಕು, ತಪ್ಪಲ್ಲ. ಆದ್ರ ಬಿಸಿ ಇದ್ದಾಗ ಕೂಡ್ಲೇ ಹಾಕಿದ್ರೇನು ಅನ್ನೋದು ನನಗ ಚಿಂತಿ. ಕಾದ ಹಂಚಿನ ಮ್ಯಾಲ ತಣ್ಣೀರು ಹಾಕಿದ್ರ ಹಂಚು ಬಿಡ್ತದಲ್ಲ, ಹೆಡ್ಡೂ ಹಂಗ ಬಿರುಕು ಬಿಡಬೋದು. ಮುಂದ ಹಿಂಗ ಆದ್ರ ಎಸಿ ಬಂದ್ ಮಾಡಿ, ಹೀಟರ್ ಫುಲ್ ಇಟ್ಟು ಬ್ಲೋವರ್ ಜೋರ್ ಮಾಡಿ ಬಾಜೂಕ ತಗೋರಿ, ಮೈಮ್ಯಾಲ ಬಿಸಿ ಹೊಡದ್ರೂ ಸಹಿಸ್ಕೋರಿ, ಅದು ಇಂಜಿನ್ ಶಾಖನ ಹೊರಗ ಎಳೀತದ. ಉಗಿ ಬರ್ಲಾಕತ್ರ ಬಂದ್ ಮಾಡಿ ಮುಕ್ಕಾಲು ತಾಸು ಸುಮ್ಮ ಕೂಡ್ರಿ, ಚಾ ಕುಡೀರಿ. ಕ್ಯಾಪ್ ಮಾತ್ರ ಮುಟ್ಟಬ್ಯಾಡ್ರಿ. ನಮ್ ಉಸ್ತಾದರ ಬಲಗೈ ಮೊಣಕೈ ತನಕ ಸುಟ್ಟಿದ್ದು ನಾ ಕಣ್ಣಾರ ನೋಡೀನಿ, ಅದೂ ಹಳೆ ಬಟ್ಟಿ ಮುಚ್ಚಿ ತೆಗದಿದ್ರು.

ಇನ್ನೊಂದು ಮಾತು, ಇದು ಭಾಳ ಮಂದಿಗಿ ಗೊತ್ತಿಲ್ಲ. ಆಮ್ಯಾಲ ಮುಳ್ಳು ಮ್ಯಾಲ ಹೋಗಿಲ್ಲ ಅಂದ ಮಾತ್ರಕ್ಕ ಸಮಾಧಾನ ಮಾಡ್ಕೋಬ್ಯಾಡ್ರಿ. ಟೆಂಪರೇಚರ್ ಸೆನ್ಸರ್ ನೀರಿನಾಗ ಮುಳುಗಿದ್ರ ಮಾತ್ರ ಖರೆ ಹೇಳ್ತದ. ನೀರಿನ ಮಟ್ಟ ಅದರ ಕೆಳಗ ಇಳಿದ್ರ ಅದು ಖಾಲಿ ಜಾಗದಾಗಿನ ಗಾಳಿ ಅಳೀತದ, ಮುಳ್ಳು ಆರಾಮ ನಡಕ ಕುಂತಿರ್ತದ, ಒಂದೊಂದು ಸಲ ಕೆಳಗೂ ಇಳೀತದ. ಒಬ್ಬ ಹತ್ತಿ ವ್ಯಾಪಾರಿ ಜೇವರ್ಗಿ ಕಡಿಯಿಂದ ಬರೋ ಮುಂದ ಭೀಮಾ ಬ್ರಿಜ್ ಹತ್ರ ಗಾಡಿ ನಿಂತು ಟೋ ಮಾಡ್ಕೊಂಡು ತಂದ್ರು, ಮುಳ್ಳು ಅರ್ಧದಾಗ ಇತ್ತು ಅಂತ ಆಣಿ ಮಾಡಿ ಹೇಳಿದ್ರು. ಸುಳ್ಳು ಹೇಳಿರ್ಲಿಲ್ಲ ಅವ್ರು. ಒಳಗ ಒಂದು ಹನಿ ನೀರು ಇರ್ಲಿಲ್ಲ, ಪಿಸ್ಟನ್ ಹಿಡದು ಬಿಟ್ಟಿತ್ತು.

ಎರಡು ಸಾವಿರದ ಮಿಸ್ತ್ರಿ ವಿಷಯ. ಥರ್ಮೋಸ್ಟಾಟ್ ತೆಗೆಯೋದು ನಮ್ ಕಡಿ ಹಳೆ ಚಟ, ‘ನಮ್ದು ಬಿಸಿಲು ಊರು, ಇದು ಯಾಕ ಬೇಕು’ ಅಂತಾರ. ನಾನೂ ಹುಡುಗ ಇದ್ದಾಗ ಉಸ್ತಾದರು ಹೇಳಿದ್ರು ಅಂತ ಡಜನ್‌ಗಟ್ಟಲೆ ತೆಗದು ಬಿಸಾಕೀನಿ, ಸುಳ್ಳ ಯಾಕ ಹೇಳ್ಲಿ. ಅದರ ಕೆಲಸ ಏನಂದ್ರ ಇಂಜಿನ್ ಲಗೂನ ಬಿಸಿ ಆಗೋ ತನಕ ನೀರು ರೇಡಿಯೇಟರಿಗಿ ಬಿಡಂಗಿಲ್ಲ, ಬಿಸಿ ಆದ ಮ್ಯಾಲ ಬಾಗಿಲು ತೆಗೀತದ. ಭಾಳ ಇಂಜಿನ್‌ದಾಗ ಅದು ತೆಗೆಯೋ ಮುಂದ ಇನ್ನೊಂದು ಬಾಜೂಕಿನ ಸಣ್ಣ ದಾರಿ ಮುಚ್ಚತದ. ಅದನ್ನ ಕಿತ್ತಿ ಬಿಸಾಕಿದ್ರ ಆ ಸಣ್ಣ ದಾರಿ ಯಾವಾಗ್ಲೂ ತೆರದ ಇರ್ತದ, ಒಂದಿಷ್ಟು ನೀರು ರೇಡಿಯೇಟರಿಗಿ ಹೋಗದೇ ಅಲ್ಲೇ ಸುತ್ತು ಹೊಡೀತದ. ತಂಪು ಹೊತ್ತಿನಾಗ ಇಂಜಿನ್ ಬಿಸಿ ಆಗಂಗಿಲ್ಲ, ಡೀಸೆಲ್ ಜಾಸ್ತಿ ಕುಡೀತದ, ಲೋಡ್ ಹಾಕಿ ಏರು ಹತ್ತಿದ್ರ ಮತ್ತ ಕಾಯ್ತದ. ಕೆಟ್ಟಿದ್ರ ಹೊಸದು ಹಾಕಬೇಕು, ತೆಗೆಯೋದು ಬ್ಯಾಡ. ಅಂವ ಮೋಸಗಾರ ಅಂತ ನಾ ಹೇಳಂಗಿಲ್ಲ, ಹಳೆ ಪಾಠ ಕಲ್ತಾನ ಅಷ್ಟ.

45 ಸಾವಿರದವ ಹೇಳಿದ್ದು ಖರೆನೂ ಇರಬೋದು. ಆದ್ರ ಯಾವ ಟೆಸ್ಟೂ ಮಾಡದೇ ಬಾನೆಟ್ ಎತ್ತಿ ನೋಡಿ ಹಾಫ್ ಇಂಜಿನ್ ಅಂದ್ರ ಅದು ಕೈ ಹಿಡಿದು ನೋಡಿ ಆಪರೇಷನ್ ಅಂದಂಗ ಆತು. ಹಾಫ್ ಇಂಜಿನ್ ಅಂದ್ರ ಪಿಸ್ಟನ್, ರಿಂಗ್, ಬೇರಿಂಗ್ ತನಕ ಕೈ ಹಾಕೋದು. ನಿಮ್ ಪತ್ರದಾಗ ಅದಕ್ಕ ಬೇಕಾದ ಲಕ್ಷಣ ಒಂದೂ ಇಲ್ಲ, ಸೈಲೆನ್ಸರ್‌ನಾಗ ನೀಲಿ ಹೊಗಿ ಬರ್ತದ ಅಂದಿಲ್ಲ, ಪಿಕಪ್ ಹೋಗ್ಯದ ಅಂದಿಲ್ಲ, ಆಯಿಲ್ ಕುಡೀತದ ಅಂತ ಸ್ಪಷ್ಟ ಇಲ್ಲ. ನನ್ನ ಅನುಮಾನ ಜಾಸ್ತಿ ಅಂದ್ರ ಹೆಡ್ ಗ್ಯಾಸ್ಕೆಟ್ ತನಕ, ಕಮ್ಮಿ ಅಂದ್ರ ಒಂದು ಹೋಸ್.

ಹಂಗಾದ್ರ ಗೊತ್ತಾಗೋದು ಹ್ಯಾಂಗ? ಬಿಚ್ಚೋಕ್ಕಿಂತ ಮೊದಲ ಒಂದು ಮುಂಜಾನಿದಾಗ ಎಲ್ಲಾ ಗೊತ್ತಾಗ್ತದ. ಮೊದಲು ಮನ್ಯಾಗ ನೀವ ನೋಡ್ರಿ: ಇಂಜಿನ್ ತಣ್ಣಗ ಇದ್ದಾಗ ಆಯಿಲ್ ಹಾಕೋ ಮುಚ್ಚಳ ತೆಗದು ಅದರ ಒಳಗಿನ ಮೈ ನೋಡ್ರಿ, ಆಯಿಲ್ ಕಡ್ಡಿನೂ ಎಳದು ನೋಡ್ರಿ. ಹಾಲು ಜಾಸ್ತಿ ಹಾಕಿದ ಚಾದ ಬಣ್ಣ, ಕೆನಿ ಥರ ಇದ್ರ ಆಯಿಲ್‌ದಾಗ ನೀರು ಕೂಡ್ಯದ, ಅಲ್ಲಿಗಿ ಗಾಡಿ ಚಾಲೂನ ಮಾಡಬ್ಯಾಡ್ರಿ, ಟೋ ಮಾಡಿಸಿ ತರ್ರಿ. ಕರ್ರಗ ಇದ್ರ ಅಂಜಬ್ಯಾಡ್ರಿ, ಡೀಸೆಲ್ ಗಾಡಿದು ಆಯಿಲ್ ಹೊಸದು ಹಾಕಿದ ನಾಕು ದಿನಕ್ಕ ಕರ್ರಗ ಆಗೋದ, ಮಸಿ ಹಿಡಿದು ಇಟ್ಕೊಳ್ಳೋದ ಅದರ ಕೆಲಸ.

ಗ್ಯಾರೇಜ್‌ದಾಗ ಮೂರು ಕೇಳ್ರಿ. ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್, ಅಂದ್ರ ಕ್ಯಾಪ್ ಜಾಗಕ್ಕ ಕೈ ಪಂಪ್ ಹಚ್ಚಿ ಹವಾ ಹಾಕ್ತಾರ, ಎಲ್ಲಿ ಸೋರ್ತದ ಅಲ್ಲಿ ಹನಿ ಬರ್ತದ, ಪ್ರೆಶರ್ ಇಳಿದ್ರೂ ಹೊರಗ ಹನಿ ಎಲ್ಲೂ ಕಾಣ್ಲಿಲ್ಲ ಅಂದ್ರ ಒಳಗ ಸೋರ್ಲಾಕತ್ತದ ಅಂತ. ಎರಡನೇದು ನೀಲಿ ದ್ರವದ ಟೆಸ್ಟ್, ರೇಡಿಯೇಟರ್ ಬಾಯಿ ಮ್ಯಾಲ ಇಟ್ಟು ಇಂಜಿನ್ ಚಾಲೂ ಮಾಡಿದ್ರ, ಸಿಲಿಂಡರಿನ ಗ್ಯಾಸ್ ನೀರಿನಾಗ ಬರ್ಲಾಕತ್ರ ಅದು ನೀಲಿ ಇದ್ದಿದ್ದು ಹಳದಿ ಕಡಿ ತಿರುಗತದ. ಹೆಡ್ ಗ್ಯಾಸ್ಕೆಟ್‌ದು ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ. ಮೂರನೇದು ಕಂಪ್ರೆಶನ್, ಅಂದ್ರ ಸಿಲಿಂಡರ್ ಒಳಗ ಒತ್ತಡ ಬರೋಬ್ಬರಿ ಬರ್ತದೋ ಇಲ್ಲೋ ಅಳಿಯೋದು. ಈ ಮೂರು ಟೆಸ್ಟಿನ ಸಾಮಾನು ಇಲ್ಲದ ಗ್ಯಾರೇಜ್‌ದಾಗ ಹೆಡ್ ಬಿಚ್ಚಸಬ್ಯಾಡ್ರಿ, ಇದು ನನ್ನ ಖಡಕ್ ಮಾತು. ಟೆಸ್ಟಿಗಿ ಸಾವಿರ ಒಂದೂವರೆ ಸಾವಿರ ಕೇಳಿದ್ರ ಕೊಡ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ ಮಂದಿ ಸಾಮಾನಿಗಿ ರೊಕ್ಕ ಕೊಡ್ತಾರ, ರೋಗ ಕಂಡು ಹಿಡಿಯೋದಕ್ಕ ಕೊಡಂಗಿಲ್ಲ, ಅದಕ್ಕ ಮಿಸ್ತ್ರಿಗಳು ಟೆಸ್ಟ್ ಬಿಟ್ಟು ಸಾಮಾನು ಬದಲಿ ಮಾಡ್ಕೋತ ಕುಂದರ್ತಾರ.

ಟೆಸ್ಟ್‌ದಾಗ ಹೊರಗಿನ ಸೋರಿಕಿ ಅಷ್ಟ ಬಂದ್ರ ನೀವು ಪುಣ್ಯವಂತರು. ಕ್ಯಾಪ್, ಥರ್ಮೋಸ್ಟಾಟ್, ಹೋಸ್, ಬೇಕಾದ್ರ ವಾಟರ್ ಪಂಪ್. ರೇಡಿಯೇಟರ್ ಮಾತ್ರ ವಾಶ್ ಮಾಡಸೋಕ್ಕಿಂತ ಬದಲಿ ಮಾಡೋದ ಚಲೋ ಅಂತೀನಿ. ಈಗಿನವು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ಹಳೆ ತಾಮ್ರ ಹಿತ್ತಾಳಿ ರೇಡಿಯೇಟರ್ ಬಿಚ್ಚಿ ಸಲಾಕಿ ಹಾಕಿ ಕೆರದು ಮತ್ತ ಝಾಳ ಹಾಕ್ತಿದ್ವಿ, ಇವಕ್ಕ ಅದು ನಡಿಯಂಗಿಲ್ಲ, ಆಸಿಡ್ ಹಾಕಿದ್ರ ಸುಣ್ಣದ ಜೊತಿ ಅಲ್ಯೂಮಿನಿಯಮ್ಮೂ ಕರಗತದ. ಎಲ್ಲಾ ಕೂಡಿ ನಮ್ ಕಡಿ ಹತ್ತರಿಂದ ಹದಿನೈದು ಸಾವಿರದಾಗ ಮುಗೀಬೇಕು, ಗಾಡಿ ಮ್ಯಾಲ ಹೆಚ್ಚು ಕಮ್ಮಿ.

ಗ್ಯಾಸ್ಕೆಟ್ ಹೋಗ್ಯದ ಅಂತ ಬಂದ್ರ ಹೆಡ್ ಬಿಚ್ಚಲೇಬೇಕು. ಆವಾಗ ಬರೀ ಗ್ಯಾಸ್ಕೆಟ್ ಬದಲಿ ಮಾಡಿ ಕೂಡಸಿದ್ರ ಆರು ತಿಂಗಳಿಗಿ ಮತ್ತ ಬರ್ತೀರಿ. ಹೆಡ್ ಲೇತಿಗಿ ಕಳಿಸಿ ಸೊಟ್ಟ ಎಷ್ಟದ ಅಳಿಸ್ಬೇಕು, ಬಿರುಕು ಅದನೋ ಪ್ರೆಶರ್ ಹಾಕಿ ನೋಡಸ್ಬೇಕು, ಫೇಸಿಂಗ್ ಮಾಡಸ್ಬೇಕು, ಅಂದ್ರ ಹೆಡ್ಡಿನ ತಳ ತೆಳ್ಳಗ ಕೆರದು ಸಮ ಮಾಡೋದು. ಕೆಲವು ಡೀಸೆಲ್ ಹೆಡ್ ಫೇಸಿಂಗ್ ಮಾಡಬಾರ್ದು ಅಂತ ಕಂಪನಿನ ಹೇಳಿರ್ತದ, ಅಂಥಾದ್ರ ಹೆಡ್ ಬದಲಿ. ಹೆಡ್ ಬೋಲ್ಟ್ ಹೊಸಾವು ಹಾಕಸ್ರಿ, ಭಾಳ ಗಾಡಿದಾಗ ಅವು ಒಂದು ಸಲ ಎಳದ ಮ್ಯಾಲ ಹಿಗ್ಗಿರ್ತಾವ. ಹಳೇವ ಹಾಕ್ತೀನಿ ಏನೂ ಆಗಂಗಿಲ್ಲ ಅಂದ್ರ ಎದ್ದು ಬರ್ರಿ. ಬಿಚ್ಚಿದ ಸಾಮಾನು ಎಲ್ಲಾ ಒಂದು ಚೀಲದಾಗ ಹಾಕಿ ಕೇಳ್ರಿ, ಅದು ನಿಮ್ದು, ಕೇಳ್ಲಿಕ್ಕ ನಾಚ್ಕಿ ಬ್ಯಾಡ. ಇದು ಇಪ್ಪತ್ತೈದು ಮೂವತ್ತು ಸಾವಿರದ ತನಕ ಹೋಗಬೋದು, ಹೆಡ್ ಬಿರುಕು ಬಿಟ್ಟಿದ್ರ ಅದಕ್ಕಿಂತ ಜಾಸ್ತಿ.

ಅಂಗಡ್ಯಾಗ ಲೀಕ್ ಬಂದ್ ಮಾಡೋ ಪುಡಿ, ಬಾಟ್ಲಿ ಸಿಗ್ತಾವ, ರೇಡಿಯೇಟರ್‌ದಾಗ ಹಾಕಿದ್ರ ತೂತು ಮುಚ್ಚತದ ಅಂತಾರ. ಮುಚ್ಚತದ, ಸುಳ್ಳಲ್ಲ. ಆದ್ರ ಅದಕ್ಕ ಯಾವ ತೂತು ಸೋರೋದು, ಯಾವುದು ನೀರು ಹರಿಯೋದು ಅನ್ನೋ ಬುದ್ಧಿ ಇರಂಗಿಲ್ಲ. ಸುಣ್ಣ ಕಟ್ಟಿದ ರೇಡಿಯೇಟರಿಗಿ ಅದು ಹಾಕೋದು ಅಂದ್ರ ಕೆಮ್ಮಿನವ್ರಿಗಿ ಹಿಟ್ಟು ಮುಕ್ಕಸಿದಂಗ.

ಮಾರೋದು? ಮಾರಬೋದು, ಆದ್ರ ಟೆಸ್ಟ್ ಮಾಡಸಿ ಏನಾಗ್ಯದ ಗೊತ್ತಾದ ಮ್ಯಾಲ ತೀರ್ಮಾನ ಮಾಡ್ರಿ. ಈಗ ಮಾರಿದ್ರ ತಗೊಳ್ಳೋ ಮನಷ್ಯಾ ಆ ಕೆಂಪು ನೀರು ನೋಡಿದ ಕೂಡ್ಲೇ ಇಂಜಿನ್ ಹೋಗ್ಯದ ಅಂತ ನಲವತ್ತು ಐವತ್ತು ಸಾವಿರ ಇಳಸ್ತಾನ, ರೋಗ ಎಂಟು ಸಾವಿರದ್ದ ಇದ್ರೂ. ಮುಚ್ಚಿಟ್ಟು ಮಾರಬ್ಯಾಡ್ರಿ ಅಂತ ಮಾಸ್ತರಿಗಿ ನಾ ಹೇಳೋ ಅವಶ್ಯ ಇಲ್ಲ. ಅಂದಹಾಗ ನಿಮಗ ಮಾರಿದವ್ರು ಸರ್ವಿಸ್ ಪುಸ್ತಕ ಕೊಟ್ಟಿದ್ರಾ?

ಇನ್ಶೂರೆನ್ಸ್ ಆಸಿ ಬಿಡ್ರಿ. ಥರ್ಡ್ ಪಾರ್ಟಿ ಅಷ್ಟ ಇದ್ರ ಪ್ರಶ್ನೆನ ಇಲ್ಲ, ಫುಲ್ ಇನ್ಶೂರೆನ್ಸ್ ಇದ್ರೂ ಸವಕಳಿ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಅದರಾಗ ಬರಂಗಿಲ್ಲ ಅಂತ ಪಾಲಿಸಿದಾಗ ಬರ್ದಿರ್ತದ. ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ತಗೊಂಡಿದ್ರೂ ಕಾದ ಇಂಜಿನ್ ಓಡಿಸ್ಕೋತ ಹೋದ್ರ ಕ್ಲೇಮ್ ತಿರಸ್ಕಾರ ಆಗೋ ಸಾಧ್ಯತಿನ ಜಾಸ್ತಿ.

ಈಗ ಮೂರನೇ ಮಿಸ್ತ್ರಿ, ಹಳೆ ಆಯಿಲ್ ಬದಲಿ ಮಾಡಿದ್ರ ಲೀಕ್ ಹಿಡೀತದ ಅಂದವ. ಇದರಾಗ ಕಾಲು ಭಾಗ ಖರೆ ಅದ. ಭಾಳ ದಿನದ ಆಯಿಲ್ ಗಟ್ಟಿ ಆಗಿ ಡಾಂಬರಿನಂಗ ಕೆಸರು ಕಟ್ತದ, ಸವದ ಸೀಲಿನ ಸಂದಿದಾಗ ಆ ಕೆಸರ ತುಂಬ್ಕೊಂಡು ಬಿರಡಿ ಥರ ಕುಂತಿರ್ತದ. ಹೊಸ ಆಯಿಲ್‌ದಾಗ ತೊಳಿಯೋ ಗುಣ ಇರ್ತದ, ಕೆಸರು ಕರಗಿ ಹೋದ್ರ ಸೋರಿಕಿ ಕಾಣ್ತದ. ಸೀಲ್ ಹೋಗಿದ್ದು ಮೊದಲ. ಸೀಲ್ ಸೋರಿದ್ರ ನೆಲದ ಮ್ಯಾಲ ಎರಡು ಹನಿ ಬೀಳ್ತದ, ಬದಲಿ ಮಾಡಬೋದು. ಕೆಸರು ಆಯಿಲ್ ಪಂಪಿನ ಜಾಳಗಿಗಿ ಸಿಕ್ರ ಏನಾಗ್ತದ ಅಂದ್ರ ಮೊದಲು ಟರ್ಬೋ ಹೋಗ್ತದ. ಅದರ ಒಳಗಿನ ಕಡ್ಡಿ ನಿಮಿಷಕ್ಕ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗತದ, ಅದೂ ಕೂದಲಕ್ಕಿಂತ ತೆಳ್ಳನ ಆಯಿಲ್ ಪದರಿನ ಮ್ಯಾಲ. ಅರ್ಧ ನಿಮಿಷ ಆಯಿಲ್ ಸಿಗ್ಲಿಲ್ಲಂದ್ರ ಅದರ ಕಥಿ ಮುಗೀತು.

ಕಡಿಮಿ ಓಡ್ಯದ, ಆಯಿಲ್ ಹಂಗ ಅದ ಅನ್ನೋರು ಇರ್ತಾರ. ನಿಮ್ದು ಕಡಿಮಿನೂ ಅಲ್ಲ, ಮೂರು ವರ್ಷಕ್ಕ ಇಪ್ಪತ್ತು ಸಾವಿರದ ಮ್ಯಾಲ ಓಡಿರ್ತದ. ಭಾಳ ಕಂಪನಿಯವ್ರು ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲು ಬರ್ತದ ಅದು ಅಂತಾರ. ಮ್ಯಾಲಿಂದ ಹಾಕೋದು ಅಂದ್ರ ಹಳಸಿದ ಸಾರಿಗಿ ಬಿಸಿನೀರು ಹಾಕಿದಂಗ, ಮಟ್ಟ ತುಂಬ್ತದ, ಹಳಸಿದ್ದು ಹೋಗಂಗಿಲ್ಲ. ಹಂಗಂತ ಡೀಸೆಲ್ ಹಾಕಿ ಫ್ಲಶ್ ಮಾಡೂನು ಅಂದ್ರ ಒಪ್ಪಬ್ಯಾಡ್ರಿ, ಇಷ್ಟು ದಿನದ ಕೆಸರು ಒಮ್ಮಿಗೇ ಎದ್ದು ಹೋಗಿ ಆ ಜಾಳಗಿಗೇ ಬಡೀತದ. ಹಗುರಕ ಮಾಡ್ರಿ. ಈಗ ಬರೋಬ್ಬರಿ ಗ್ರೇಡಿನ ಆಯಿಲ್, ಫಿಲ್ಟರ್ ಬದಲಿ ಮಾಡ್ರಿ, ಎರಡು ಮೂರು ಸಾವಿರ ಕಿಲೋಮೀಟರಿಗಿ ಮತ್ತ ಒಂದ್ಸಲ ಮಾಡ್ರಿ, ಆಮ್ಯಾಲ ರೂಢಿ ಪ್ರಕಾರ. ಆದ್ರ ಒಂದು ಷರತ್ತು, ಹೆಡ್ ಟೆಸ್ಟ್ ಆಗೋ ತನಕ ತುಟ್ಟಿ ಆಯಿಲ್ ಹಾಕಸಬ್ಯಾಡ್ರಿ, ನೀರು ಕೂಡಿದ್ರ ಅದೂ ಹಾಳಾಗ್ತದ.

ಬಂದಾಗ ಇನ್ನೊಂದಿಷ್ಟು ನೋಡಸ್ರಿ. ಏರ್ ಫಿಲ್ಟರ್ ಮುಖ್ಯ, ಯಾಕಂದ್ರ ತೊಗರಿ ರಾಶಿ ಹೊತ್ತಿನಾಗ ನಮ್ ಕಡಿ ಹೊಟ್ಟು, ಎರಿ ಮಣ್ಣಿನ ಧೂಳ ಹ್ಯಾಂಗ ಇರ್ತದ ನಿಮಗ ಹೇಳೋದು ಬ್ಯಾಡ. ಹವಾ ಹೊಡದು ಹೊಡದು ಅದನ್ನ ಐದು ವರ್ಷ ಓಡಸ್ತಾರ, ಪೇಪರ್ ಹರದು ಧೂಳ ಸೀದಾ ಸಿಲಿಂಡರ್ ಒಳಗ ಹೋಗಿ ಉಸುಕ ಕಾಗದ ತಿಕ್ಕಿದಂಗ ತಿಕ್ತದ. ಐದುನೂರು ರೂಪಾಯಿ ಆಸುಪಾಸಿನ ಸಾಮಾನು ಉಳಿಸಿ ಹಾಫ್ ಇಂಜಿನ್ ಖರೆನ ಮಾಡ್ಸೋದು ಹಿಂಗ. ಡೀಸೆಲ್ ಫಿಲ್ಟರ್ ಕೆಳಗ ನೀರು ಕೂಡಿರ್ತದ, ಬಿಡಸ್ರಿ. ಬ್ರೇಕ್ ಆಯಿಲ್ ಗಾಳ್ಯಾಗಿನ ತೇವ ಹೀರ್ಕೋತದ, ಎರಡು ವರ್ಷಕ್ಕ ಬದಲಿ. ನಿಮ್ ಇಂಜಿನ್‌ದಾಗ ಟೈಮಿಂಗ್ ಬೆಲ್ಟ್ ಅದನೋ ಚೈನ್ ಅದನೋ ಕೇಳ್ರಿ, ಬೆಲ್ಟ್ ಇದ್ದು 1 ಲಕ್ಷ 12 ಸಾವಿರ ತನಕ ಬದಲಿ ಆಗಿಲ್ಲಂದ್ರ ಅದನ್ನ ಈಗ್ಲೇ ಮಾಡಸ್ರಿ, ಅದು ಹರದ್ರ ವಾಲ್ವ್ ಹೋಗಿ ಪಿಸ್ಟನ್ನಿಗಿ ಬಡೀತಾವ. ಟೈರಿನ ಬಾಜೂಕ ನಾಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರದಾಗ ತಯಾರಾಗಿದ್ದು. ಬ್ಯಾಸಿಗ್ಯಾಗ ಹವಾ ಕಮ್ಮಿ ಇಡಬೇಕು ಅನ್ನೋದು ಪೂರಾ ತಪ್ಪು, ಕಮ್ಮಿ ಹವಾದಾಗ ಟೈರ್ ಮಡಚಿ ಮಡಚಿ ಕಾದು ಒಡೀತದ. ಡ್ರೈವರ್ ಬಾಗಿಲ ಚೌಕಟ್ಟಿಗಿ ಸ್ಟಿಕರ್ ಇರ್ತದ, ಅಷ್ಟ ಇಡ್ರಿ, ಮುಂಜಾನಿ ಟೈರ್ ತಣ್ಣಗ ಇದ್ದಾಗ.

ಶ್ರೀಶೈಲಕ್ಕ ಈ ಗಾಡಿದಾಗ ಹೋಗಬ್ಯಾಡ್ರಿ. ನಲ್ಲಮಲ ಕಾಡಿನ ಘಾಟ್, ಗಾಡಿ ತುಂಬ ಮಂದಿ, ಎಸಿ ಚಾಲೂ, ಸಣ್ಣ ಗೇರಿನಾಗ ಏರು. ಕೂಲಿಂಗ್ ಸಿಸ್ಟಮ್ಮಿಗಿ ಇದಕ್ಕಿಂತ ದೊಡ್ಡ ಪರೀಕ್ಷಾ ಇಲ್ಲ, ಅದೂ ಮೊಬೈಲ್ ಸಿಗ್ನಲ್ ಸಿಗದ ಜಾಗದಾಗ. ಕೆಲಸ ಮಾಡಸಿದ್ರೂ ಮೊದಲು ಎರಡು ಮೂರು ಸಲ ಕಲಬುರಗಿ ಯಾದಗಿರಿ ಓಡಿಸಿ, ಕೂಲಂಟ್ ಡಬ್ಬಿ ಮ್ಯಾಲ ಪೆನ್ನಿಲೆ ಗೆರಿ ಹಾಕಿ ಮಟ್ಟ ಇಳೀತದೇನು ನೋಡ್ಕೊಂಡು ಆಮ್ಯಾಲ ದೂರದ ಮಾತು. ಈ ಸಲ ಬಸ್ಸಿಗಿ ಹೋಗ್ರಿ. ಅವ್ವನವರ ದವಾಖಾನಿ ಮಾತ್ರ ಬಿಡಂಗಿಲ್ಲ, ಅದು ಗೊತ್ತದ. ಟೆಸ್ಟ್ ಆಗೋ ತನಕ ಎರಡು ವಾರ ರೈಲಿನಾಗ ಕರ್ಕೊಂಡು ಬರ್ರಿ, ಇಲ್ಲಾಂದ್ರ ಬಾಡಗಿ ಗಾಡಿ ಮಾಡ್ರಿ. ಅವರನ್ನ ಕೂಡಿಸ್ಕೊಂಡು ಬಿಸಿಲಿನಾಗ ದಾರ್ಯಾಗ ನಿಂತ್ರ ಅದು ಗಾಡಿ ಖರ್ಚಿನ ಲೆಕ್ಕ ಇರಂಗಿಲ್ಲ.

ಗ್ಯಾರೇಜಿಗಿ ತರೋ ಹಿಂದಿನ ರಾತ್ರಿ ಒಂದು ಕೆಲಸ ಮಾಡ್ರಿ. ಹಳೆ ರಟ್ಟಿನ ಡಬ್ಬಿ ಹರದು ಇಂಜಿನ್ ಕೆಳಗ ಹಾಸಿ ಗಾಡಿ ನಿಲ್ಲಸ್ರಿ, ರಟ್ಟಿನ ಮ್ಯಾಲ ಮುಂದಿನ ಕಡಿ ಯಾವುದು, ಡ್ರೈವರ್ ಕಡಿ ಯಾವುದು ಅಂತ ಬರೀರಿ. ಮುಂಜಾನಿ ಎಲ್ಲಿ ಹಸಿ ಅದ, ಎಲ್ಲಿ ಕರಿ ಅದ ನೋಡಿ ಸುತ್ತಿ ಡಿಕ್ಕಿದಾಗ ಹಾಕ್ಕೊಂಡು ಬರ್ರಿ. ಅದನ್ನ ನೋಡಿದ ಕೂಡ್ಲೇ ನಿಮ್ಮ ಮಿಸ್ತ್ರಿ ಅರ್ಧ ತಾಸು ಹುಡುಕೋದು ತಪ್ಪತದ, ಮತ್ತ ರಟ್ಟು ತಗೊಂಡು ಬಂದ ಗಿರಾಕಿಗಿ ಸುಳ್ಳ ಸುಳ್ಳ ಬಿಲ್ ಹಚ್ಚಲಿಕ್ಕ ಯಾವ ಮಿಸ್ತ್ರಿನೂ ಜರಾ ವಿಚಾರ ಮಾಡ್ತಾನ.